ಗುಡ್ಡದ ಮೇಲಿನ ಬೆಳಕು ನಾಲ್ಕು ಸಲ ಆರಿತು

ಅವರ ಎಡಗಣ್ಣು ಅರ್ಧ ಮುಚ್ಚಿಯೇ ಇರುತ್ತಿತ್ತು. ಕಂಪನಿಯೊಂದರಲ್ಲಿ ಮೂವತ್ತು ವರ್ಷ ಬಲಗಣ್ಣಿನಿಂದ ಮಸೂರಗಳನ್ನು ಪರೀಕ್ಷಿಸಿದ ಅಭ್ಯಾಸ. ಸಾರು ಕುದಿಯಿತೇ ಎಂದು ಬಗ್ಗಿ ನೋಡುವಾಗಲೂ ಆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ ಅವರ ಮನೆಯ ಮಹಡಿ ಕೋಣೆಯಲ್ಲಿ ನಾನು ಎರಡು ವರ್ಷ ಬಾಡಿಗೆಗಿದ್ದೆ. ಹಾಸನದ ಕಡೆಯವರು, ನಿವೃತ್ತರು. ನಾನು ಬರುವ ಹಿಂದಿನ ವರ್ಷ ಅವರ ಹೆಂಡತಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು.

ತಿಂಗಳಿಗೊಮ್ಮೆ ಒಬ್ಬರೇ ನೆವಾಡಾದ ಮರುಭೂಮಿಗೆ ಹೋಗುತ್ತಿದ್ದರು. ಅಲ್ಲಿನ ಒಂದು ಮೋಟೆಲಿನ ಹಿತ್ತಲಿನಿಂದ, ಸೂರ್ಯ ಮುಳುಗಿದ ಮೇಲೆ, ದೂರದ ಗುಡ್ಡದ ನೆತ್ತಿಯಲ್ಲಿ ಬೆಳಕುಗಳು ಕಾಣುತ್ತವೆ. ಒಂದು ಎರಡಾಗುತ್ತದೆ, ತೇಲುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಲಿವರ್‌ಮೋರ್‌ನ ದೇವಸ್ಥಾನದ ಊಟದ ಸಾಲಿನಲ್ಲಿ ಯಾರಾದರೂ ಕೆಣಕುತ್ತಿದ್ದರು: “ಏನ್ ಸರ್, ಏಲಿಯನ್ಸ್ ಸಿಕ್ಕಿದ್ರಾ?”

“ಸಿಕ್ಕಿದ್ರು. ವೀಸಾ ಮುಗಿದಿತ್ತು, ವಾಪಸ್ ಕಳಿಸ್ದೆ.”

ನಾನು ಕೆಲಸ ಮಾಡುತ್ತಿದ್ದ ಕಂಪನಿ ಬಾಗಿಲು ಹಾಕಿ ನನ್ನ ವೀಸಾಕ್ಕೂ ಕುತ್ತು ಬಂದ ವಾರ ಆ ಜೋಕಿಗೆ ಸಾಲಿನಲ್ಲಿ ಯಾರೂ ನಗಲಿಲ್ಲ. ಮರುದಿನ ಅವರು ನನ್ನ ಬಾಗಿಲು ತಟ್ಟಿದರು. “ಹೇಗೂ ಮನೇಲೇ ಇದ್ದೀಯ. ನಂಗೊಂದು ಎರಡನೇ ಕಾರು ಬೇಕು, ಬರ್ತೀಯಾ?”

ಕಾರಣವನ್ನು ಮೋಟೆಲಿನ ಹಿತ್ತಲಿನಲ್ಲಿ ಹೇಳಿದರು. ಕೊನೆಯ ವರ್ಷ ಹೆಂಡತಿ ಅದೇ ಜಾಗದಲ್ಲಿ ನಿಂತು ಆ ಬೆಳಕು ನೋಡಿ, “ಯಾರೋ ಕರೀತಿದಾರೆ ಕಣ್ರೀ, ನಂಗಿನ್ನು ಭಯ ಇಲ್ಲ” ಎಂದಿದ್ದರಂತೆ. ಇವರು ಆಗಲೇ ಆಕೆಗೆ ವಿವರಿಸಿಬಿಟ್ಟಿದ್ದರಂತೆ: ನೆಲದ ಹತ್ತಿರ ತಣ್ಣನೆಯ ಗಾಳಿ, ಮೇಲೆ ಬೆಚ್ಚಗಿನ ಗಾಳಿ, ನಡುವೆ ಬೆಳಕು ಬಾಗುತ್ತದೆ, ಗುಡ್ಡದಾಚೆಯ ಹೈವೇಯ ಹೆಡ್‌ಲೈಟುಗಳು ಮೇಲೆದ್ದು ಕಾಣುತ್ತವೆ.

“ಆಮೇಲೆ ಅವಳು ಅದರ ಮಾತೇ ಎತ್ತಲಿಲ್ಲ. ಭಯದಲ್ಲೇ ಹೋದ್ಲು. ನಾನು ಹೇಳಿದ್ದು ತಪ್ಪು ಅಂತ ಆಗ್ಬೇಕು ಕಣಮ್ಮ. ಇದೊಂದು ಸಲ.”

ಬಂಡೆಗಳ ವಿದ್ಯುತ್ತು, ಒಣಗಿದ ಸರೋವರದ ಅನಿಲ, ಹೀಗೆ ಬೇರೆ ಕಾರಣಗಳನ್ನೆಲ್ಲ ಅವರೇ ಓದಿ ಅವರೇ ಹೊಡೆದುಹಾಕಿದ್ದರು. ಉಳಿದದ್ದು ಹೆಡ್‌ಲೈಟು ಮಾತ್ರ. ನಾನು ಗುಡ್ಡದಾಚೆ ಹೋಗಿ ಹೈವೇಯ ಅಂಚಿನಲ್ಲಿ ಕಾರು ನಿಲ್ಲಿಸಿ, ಏಳು ಗಂಟೆಯ ನಂತರ, ಬೇರೆ ವಾಹನವಿಲ್ಲದ ಹೊತ್ತು ನೋಡಿ, ದೀಪ ಆರಿಸಿ ಹಚ್ಚಬೇಕು. ಸೆಲ್‌ಫೋನಿಗೆ ಸಿಗ್ನಲ್ ಇರಲಿಲ್ಲ.

“ಎಷ್ಟು ಸಲ ಅನ್ನೋದು ನಿನ್ನಿಷ್ಟ. ವಾಪಸ್ ಬಂದ್ಮೇಲೆ ಮೊದ್ಲು ನೀನು ಹೇಳ್ಬೇಕು, ಆಮೇಲೆ ನಾನು. ಇಲ್ದಿದ್ರೆ ಪ್ರಯೋಗ ಕೆಟ್ಟುಹೋಗತ್ತೆ.”

ಗಡಿಯಾರ ನೋಡಿಕೊಂಡು ಒಂದೊಂದು ನಿಮಿಷದಂತೆ ನಾಲ್ಕು ಸಲ ಆರಿಸಿದೆ. ಹಿಂದಿರುಗಿದಾಗ ಅವರು ಮಡಚುವ ಕುರ್ಚಿಯಲ್ಲಿ ಕೂತಿದ್ದರು. ನಾನು ಕಾರಿನ ಬಾಗಿಲು ಮುಚ್ಚುವ ಮೊದಲೇ, “ನಾಲ್ಕು ಸಲ ಆರಿತು” ಎಂದರು. ಸ್ವಲ್ಪ ತಡೆದು ಕೇಳಿದರು, “ನೀನೆಷ್ಟು ಸಲ ಆರಿಸ್ದೆ?”

“ನಾಲ್ಕು” ಎಂದೆ.

“ಕರೆಕ್ಟಾಗಿ ಮಾಡಿದ್ದೀಯ” ಎಂದು ಕುರ್ಚಿ ಮಡಚಿದರು.

ಮತ್ತೆ ಅವರು ಮರುಭೂಮಿಗೆ ಹೋಗಲಿಲ್ಲ. ಅಡುಗೆ ಕಡಿಮೆ ಮಾಡಿದರು, ನಂತರ ಬಿಟ್ಟೇಬಿಟ್ಟರು. ನಾನು ತಟ್ಟೆಯಲ್ಲಿ ಹಾಕಿಕೊಟ್ಟದ್ದು ಮುಚ್ಚಿಟ್ಟಲ್ಲೇ ಇರುತ್ತಿತ್ತು. ಚಳಿಗಾಲ ಮುಗಿಯುವ ಮೊದಲೇ ಅವರ ಹೃದಯ ನಿಂತಿತು.

ಮೊದಲು ನಾನು ಹೇಳಬೇಕೆಂಬ ನಿಯಮ ಅವರದೇ. ಮೂವತ್ತು ವರ್ಷ ಪರೀಕ್ಷೆ ಮಾಡಿದ ಮನುಷ್ಯ ಅದನ್ನು ಮರೆಯುವವರಲ್ಲ. ಅಂದು ಅವರು ಬೇಕೆಂದೇ ತಮ್ಮ ಎಣಿಕೆಯನ್ನು ಮೊದಲು ಹೇಳಿ, ನನ್ನ ಮುಖ ನೋಡುತ್ತ ಕಾದಿದ್ದರು. ನನಗದು ಹೊಳೆದದ್ದು ಅವರ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬುವಾಗ. ನಾನು ಮೂರು ಎಂದಿದ್ದರೆ ಸಾಕಿತ್ತು.