ಓಣಿ ಕೊಡದ ಅಂಗಡಿ

ಆಕೆಯ ಕೊರಳಲ್ಲಿ ತಾಳಿ ಇರಲಿಲ್ಲ. ಒಂದು ಕರಿದಾರ ಇತ್ತು, ಆ ದಾರದ ತುಂಬ ಪಿನ್ನುಗಳು. ದೊಡ್ಡವು, ಸಣ್ಣವು, ತುಕ್ಕು ಹಿಡಿದವು, ನೀಲಿ ತಲೆಯವು, ಎಲ್ಲ ಗೊಂಚಲಾಗಿ ಎದೆಯ ಮೇಲೆ ಜೋತಾಡುತ್ತಿದ್ದವು. ಮೇಲಿನ ಕಪಾಟಿನಿಂದ ಪೆಟ್ಟಿಗೆ ಇಳಿಸಲು ಕೈ ಎತ್ತಿದರೆ ಸಣ್ಣಗೆ ಸದ್ದು ಮಾಡುತ್ತಿದ್ದವು. ಮಾತಾಡುತ್ತ ಮಾತಾಡುತ್ತಲೇ ಒಂದು ಪಿನ್ನು ಬಿಚ್ಚಿ, ಎದುರಿಗೆ ನಿಂತ ಹುಡುಗಿಯ ಹೆಗಲಿಗೋ ಸೊಂಟಕ್ಕೋ ಚುಚ್ಚದಂತೆ ಸಿಕ್ಕಿಸಿ, ತಲೆ ಓರೆ ಮಾಡಿ ನೋಡುತ್ತಿದ್ದಳು. ಹಿಡಿಸದಿದ್ದರೆ ಮತ್ತೆ ಬಿಚ್ಚುತ್ತಿದ್ದಳು.

ಆಂಧ್ರದ ಗಡಿಯ ಆದೋನಿಯಲ್ಲಿ, ಬಟ್ಟೆ ಬಜಾರಿನ ಹಿಂದೆ, ಎರಡು ಗಾಡಿ ಎದುರಾದರೆ ಒಂದು ಹಿಂದಕ್ಕೆ ಹೋಗಬೇಕಾದಂಥ ಜಾಗದಲ್ಲಿ ಆಕೆಯ ಅಂಗಡಿ. ಹುಡುಗಿಯರ ರೆಡಿಮೇಡ್ ಬಟ್ಟೆ, ಅದರ ಜೊತೆಯ ಚೂರುಪಾರು ಬಿಟ್ಟು ಬೇರೇನೂ ಇಡುತ್ತಿರಲಿಲ್ಲ. ಬೋರ್ಡು ಇಲ್ಲ, ಗಾಜಿಲ್ಲ, ಬೊಂಬೆಗಳಿಲ್ಲ. ನನ್ನ ಮಕ್ಕಳು ಆಕೆಗೆ ಫ್ರಾಕಿನಮ್ಮ ಎಂದು ಹೆಸರಿಟ್ಟಿದ್ದರು. ನಿಜವಾದ ಹೆಸರು ಕೇಳಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ನಾನು ಕರೆಂಟಿನ ಲೈನ್‌ಮನ್. ಹುಟ್ಟಿದ್ದು ಪೆದ್ದಹರಿವಾಣಂನಲ್ಲಿ, ಓದಿದ್ದು ಕನ್ನಡ ಶಾಲೆಯಲ್ಲಿ, ಕೆಲಸವೆಲ್ಲ ತೆಲುಗಿನಲ್ಲಿ. ಕಂಬ ಹತ್ತಲು ಬರುತ್ತದೆ, ಅನ್ನ ಸಾರು ಮಾಡಲು ಬರುತ್ತದೆ, ಹೆಂಡತಿ ತೀರಿಕೊಂಡ ಮೇಲೆ ಎರಡು ಜಡೆ ಹಾಕುವುದನ್ನೂ ಕಲಿತೆ. ಆದರೆ ಆ ವರ್ಷ ದಸರಾ ರಜೆ ಬಂದಾಗ ಬಟ್ಟೆ ಅಂಗಡಿಯಲ್ಲಿ ನಿಂತು ಕಣ್ಣು ಕಣ್ಣು ಬಿಟ್ಟೆ. ಹಬ್ಬದ ಬಟ್ಟೆ ಎನ್ನುವುದು ಮನೆಯ ಬೀರುವಿನಲ್ಲಿ ತಾನಾಗಿ ಹುಟ್ಟುತ್ತದೆ ಎಂದುಕೊಂಡಿದ್ದೆನೋ ಏನೋ.

ಮೊದಲು ಹೋದದ್ದು ಗಾಜಿನ ಬಾಗಿಲಿನ ದೊಡ್ಡ ಅಂಗಡಿಗೆ. ಒಳಗೆ ಎಸಿ ತಣ್ಣಗಿತ್ತು, ಹೊರಗೆ ಬರಲು ಮಕ್ಕಳಿಗೆ ಮನಸ್ಸಿರಲಿಲ್ಲ. ದೊಡ್ಡವಳಿಗೆ ಏಳು ವರ್ಷ. ಆಕೆಗೆ ಹೊಟ್ಟೆ ಕಾಣುವ ಅಂಗಿ, ಮೊಣಕಾಲು ಹರಿದ ಪ್ಯಾಂಟು ತೆಗೆದಿಟ್ಟರು. ಚಿಕ್ಕವಳು ಇನ್ನೂ ಶಾಲೆಯ ಮುಖ ನೋಡದವಳು. ಆಕೆಗೆ ಹೆಗಲೇ ಇಲ್ಲದ, ಮಿಂಚಿನ ಚಕ್ಕೆ ಅಂಟಿಸಿದ ಗೌನು. ಇಬ್ಬರೂ ಅವನ್ನು ತೊಟ್ಟು ಕನ್ನಡಿ ಮುಂದೆ ನಿಂತರೆ ಯಾರದೋ ಮದುವೆಗೆ ಬಂದ ಗಿಡ್ಡ ಹೆಂಗಸರಂತೆ ಕಂಡರು. ಬೇಡವೆಂದು ಹೊರಗೆ ಬಂದು, ಹಾಲಹರವಿಯಲ್ಲಿರುವ ನನ್ನ ಅಕ್ಕನಿಗೆ ಫೋನು ಮಾಡಿದೆ. ಬೆಳೆಯುವ ಮಕ್ಕಳು, ಎರಡು ಸೈಜು ದೊಡ್ಡದು ತಗೋ, ಕೈ ತುಂಬ ಇರಲಿ, ಕಾಲು ಮುಚ್ಚಲಿ ಎಂದಳು. ಹಿಂದಿನ ಸಲ ಆಕೆ ಕಳಿಸಿದ್ದೂ ಅಂಥದ್ದೇ, ಚಿಕ್ಕವಳು ಅದನ್ನು ತುಳಿದು ಬಿದ್ದು ಹಲ್ಲು ಮುರಿದುಕೊಂಡಿದ್ದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂದಂತೆ, ಅಂಗಡಿಯವರು ಒಂದು ಕಡೆಗೆ, ಅಕ್ಕ ಇನ್ನೊಂದು ಕಡೆಗೆ. ನಡುವೆ ನನ್ನ ಹುಡುಗಿಯರು ಹಳೆಯ ಅಂಗಿಯಲ್ಲೇ ನಿಂತಿದ್ದರು.

ಚಿಕ್ಕವಳು ನೀರು ಬೇಕೆಂದು ಅಳತೊಡಗಿದಳು. ನೆರಳು ಹುಡುಕಿ ಹಿಂದಿನ ದಾರಿಗೆ ತಿರುಗಿದಾಗ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತ ಹೆಂಗಸು ಕೇಳದೆಯೇ ಚೊಂಬು ಮುಂದೆ ಚಾಚಿದಳು. ಮಕ್ಕಳು ಕುಡಿದಾದ ಮೇಲೆ ತೆಲುಗಿನಲ್ಲಿ, "ಅಮ್ಮ ರಾಲೇದಾ?" ಎಂದು ಕೇಳಿದಳು. ಅಮ್ಮ ಬರಲಿಲ್ಲವಾ ಅಂತ. "ಲೇದು" ಎಂದಳು ದೊಡ್ಡವಳು, ಅಷ್ಟೇ. ಆಕೆ ನನ್ನ ಮುಖ ನೋಡಿದಳು, ಮಕ್ಕಳ ಜಡೆ ನೋಡಿದಳು. ಗಂಡಸು ಹಾಕಿದ ಜಡೆ ಗೊತ್ತಾಗದೆ ಇರುತ್ತದೆಯೇ? ನಮ್ಮ ಕನ್ನಡ ಕಿವಿಗೆ ಬಿದ್ದಿತ್ತೇನೋ, ತಾನೂ ಕನ್ನಡಕ್ಕೆ ತಿರುಗಿ, "ಪಾಪಾ, ಇಲ್ಲಿ ಬಾ" ಎಂದು ಚಿಕ್ಕವಳನ್ನು ಒಳಗೆ ಕರೆದಳು.

ಈ ಪಾಪ ಎನ್ನುವ ಮಾತಿನ ಬಗ್ಗೆ ಹೇಳಬೇಕು. ಆ ವರ್ಷವೆಲ್ಲ ನಮ್ಮನ್ನು ನೋಡಿದವರು ಪಾಪ ಎನ್ನುತ್ತಿದ್ದರು. ಹಾಲು ಹಾಕುವವಳು ಪಾಪ, ಶಾಲೆಯ ಮೇಡಂ ಪಾಪ, ನನ್ನ ಜೊತೆ ಕಂಬ ಹತ್ತುವವನೂ ಪಾಪ. ಅದು ಕನ್ನಡದ ಪಾಪ, ಕೇಳಿ ಕೇಳಿ ನನಗೆ ಸಿಟ್ಟು ಬರುತ್ತಿತ್ತು. ಆಕೆಯದು ತೆಲುಗಿನ ಪಾಪ. ತೆಲುಗಿನಲ್ಲಿ ಪಾಪ ಎಂದರೆ ಹೆಣ್ಣುಮಗು, ಅದರಲ್ಲಿ ಮರುಕವಿಲ್ಲ. ಎಷ್ಟೋ ದಿನದ ಮೇಲೆ ನನ್ನ ಮಕ್ಕಳನ್ನು ಯಾರೋ ಬರೀ ಮಕ್ಕಳು ಎಂದು ಕರೆದಂತಾಯಿತು. ನಾನು ಹೊರಗೆ ಹೋಗಿ ನಿಂತೆ.

ಆಕೆ ವಯಸ್ಸು ಕೇಳುತ್ತಿರಲಿಲ್ಲ. ಹೇಳಿದರೂ ನಂಬುತ್ತಿರಲಿಲ್ಲ. ಅಂಗಿ ತೊಡಿಸಿ, ಕುಂದ್ರು ಎನ್ನುತ್ತಿದ್ದಳು, ಏಳು ಎನ್ನುತ್ತಿದ್ದಳು, ಕೈ ಎತ್ತಿಸುತ್ತಿದ್ದಳು. ಕೊನೆಗೆ, ಓಣಿಯ ತುದಿಯ ಬೇವಿನ ಗಿಡ ಮುಟ್ಟಿ ಓಡಿ ಬಾ ಎನ್ನುತ್ತಿದ್ದಳು. ಹೊಸ ಬಟ್ಟೆಯಲ್ಲಿ ಓಡಿಸುವ ಅಂಗಡಿಯವಳನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಧೂಳಾಗುವುದಲ್ಲ ಎಂದರೆ, ಹಬ್ಬದ ದಿನ ಏನು ಬೊಂಬಿ ಹಂಗ ಹಲಗಿ ಮ್ಯಾಲ ಕುಂದ್ರುತಾರೇನು ಎಂದು ನನಗೇ ಬೈದಳು. ಓಡುವಾಗ ಹುಡುಗಿ ಒಂದು ಸಲ ಅಂಗಿ ಹಿಡಿದುಕೊಂಡರೂ ಆ ಅಂಗಿ ಮರಳಿ ಪೆಟ್ಟಿಗೆಗೆ. "ಹಬ್ಬದ ಅಂಗಿ ಫೋಟೋಕ್ಕಲ್ಲಪ, ಹಬ್ಬಕ್ಕ" ಎನ್ನುವುದು ಆಕೆಯ ಮಾತು. ದೊಡ್ಡ ಅಂಗಡಿಯ ಗೌನಿನ ಕತೆ ಹೇಳಿದಾಗ ನಕ್ಕು, ದೊಡ್ಡ ಹೆಂಗಸಿನ ಅಂಗಿನ ನೀರಾಗ ಹಾಕಿ ಕುಗ್ಗಿಸ್ಯಾರ ಬಿಡು ಎಂದಿದ್ದಳು.

ಮುಂದೆ ಸಂಕ್ರಾಂತಿಗೆ, ಯುಗಾದಿಗೆ, ಮತ್ತೆ ದಸರಾಕ್ಕೆ ಅಲ್ಲಿಗೇ ಹೋದೆವು. ನಡುನಡುವೆ ರಿಬ್ಬನ್ನು, ಒಳಚಡ್ಡಿ, ಕಾಲುಚೀಲ ಎಂದು ನೆಪ ಮಾಡಿಕೊಂಡು ನಾನೊಬ್ಬನೇ ಹೋದದ್ದೂ ಉಂಟು. ಆಕೆ ರೊಟ್ಟಿ, ಗುರೆಳ್ಳು ಪುಡಿ ತಿನ್ನುತ್ತ ಕೇಳುತ್ತಿದ್ದಳು. ದೊಡ್ಡಾಕಿ ಹೆಂಗ ಅದಾಳ, ಸಣ್ಣಾಕಿಗೆ ಮುಂದಿನ ಹಲ್ಲು ಬಂತಾ, ರಾತ್ರಿ ಕೆಲಸ ಇದ್ದಾಗ ಯಾರು ನೋಡ್ಕಂತಾರ ಅಂತ. ನನ್ನ ಮಕ್ಕಳ ಸುದ್ದಿಯನ್ನು ನನ್ನಿಂದ ಕೇಳುವ ದೊಡ್ಡವರು ಊರಿನಲ್ಲಿ ಬೇರೆ ಇರಲಿಲ್ಲ. ಮನೆಯಲ್ಲಿ ಮಕ್ಕಳಿದ್ದರು, ಡ್ಯೂಟಿಯಲ್ಲಿ ಗೆಳೆಯರಿದ್ದರು, ಆದರೂ ಹೆಣ್ಣುಮಕ್ಕಳ ತಂದೆಯಾಗಿ ನಾನು ಒಬ್ಬನೇ ಇದ್ದೆ. ಆ ಮೆಟ್ಟಿಲ ಮೇಲೆ ಕುಳಿತಷ್ಟು ಹೊತ್ತು ಒಬ್ಬನಲ್ಲ ಅನ್ನಿಸುತ್ತಿತ್ತು.

ದೊಡ್ಡವಳಿಗೆ ಹನ್ನೊಂದು ನಡೆದ ವರ್ಷ ದಸರಾಕ್ಕೆ ಅಕ್ಕ ಹಾಲಹರವಿಯಿಂದ ಬಂದಳು. ನನ್ನ ಅಕ್ಕ ಕೆಟ್ಟವಳಲ್ಲ. ಹೆಂಡತಿ ಹೋದಾಗ ಮೂರು ತಿಂಗಳು ನನ್ನ ಮನೆಯ ಒಲೆ ಹಚ್ಚಿದವಳು ಅವಳೇ. ಬಂದ ದಿನವೇ ಮಾತು ತೆಗೆದಳು. ಬೆಸ ವರ್ಷ ನಡೆಯುತ್ತಿದೆ, ಇದಕ್ಕೆ ಅದೇ ಒಳ್ಳೆಯದು, ಈ ಹಬ್ಬದಲ್ಲಿ ಹುಡುಗಿಗೆ ಓಣಿ ಹಾಕಿಬಿಡೋಣ, ನಾಕು ಮಂದಿಯನ್ನು ಕರೆಯೋಣ. ಲಂಗದ ಮೇಲೆ ಹೆಗಲಿಗೆ ಹೊದೆಯುವ ಅರ್ಧ ಸೀರೆಗೆ ತೆಲುಗಿನಲ್ಲಿ ಓಣಿ ಎನ್ನುತ್ತಾರೆ, ಅದನ್ನು ಹಾಕಿದರೆ ಹುಡುಗಿ ದೊಡ್ಡವರ ಲೆಕ್ಕಕ್ಕೆ ಸೇರಿದಳು ಎಂದರ್ಥ. ಅಲ್ಲಿಗೇ ಮುಗಿಯಲಿಲ್ಲ. ಓಣಿ ಹಾಕಿದ ಹುಡುಗಿ ತಾಯಿಯಿಲ್ಲದ ಮನೆಯಲ್ಲಿ ಇರಬಾರದು, ನೀನು ಹೊತ್ತಿಲ್ಲದ ಹೊತ್ತಿನಲ್ಲಿ ಕಂಬ ಹತ್ತಲು ಹೋಗುವವನು, ಹಬ್ಬ ಆದ ಮೇಲೆ ಹಾಲಹರವಿಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿಯ ಶಾಲೆಗೆ ಹಾಕೋಣ ಎಂದಳು. ಚಿಕ್ಕವಳು ಇನ್ನೂ ಸಣ್ಣವಳು, ಇಲ್ಲೇ ಇರಲಿ ಎಂದಳು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಕ್ಕನ ಮಾತಿಗೆ ಎದುರಾಡಿದ ಅಭ್ಯಾಸ ನನಗಿರಲಿಲ್ಲ. ದೊಡ್ಡವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು, ಆ ದಿನ ಊಟ ಮಾಡಲಿಲ್ಲ.

ಮಾರನೆಯ ದಿನ ನಾವು ನಾಲ್ಕೂ ಜನ ಫ್ರಾಕಿನಮ್ಮನ ಅಂಗಡಿಗೆ ಹೋದೆವು. ಅಕ್ಕ ಕೆಂಪು ಲಂಗ, ಹಸಿರು ಓಣಿ ತೋರಿಸು ಎಂದಳು. ಆಕೆ ದೊಡ್ಡವಳನ್ನು ಮೇಲಿಂದ ಕೆಳಗೆ ನೋಡಿ, ಇಲ್ಲ ಎಂದಳು. ಅಲ್ಲೇ ತೂಗುಹಾಕೈತಲ್ಲ ಎಂದು ಅಕ್ಕ ಬೆರಳು ತೋರಿಸಿದಳು.

"ಐತಿ. ಈ ಪಾಪಕ್ಕಿಲ್ಲ" ಎಂದಳು ಆಕೆ.

ಅಕ್ಕನಿಗೆ ಮೂಗಿನ ತುದಿಯಲ್ಲಿ ಸಿಟ್ಟು. ಅರಿವೆ ಮಾರಾಕ ಕುಂತೀಯೋ, ಬುದ್ಧಿ ಹೇಳಾಕ ಕುಂತೀಯೋ ಎಂದು ದನಿ ಏರಿಸಿದಳು. ಆಗ ನನ್ನ ಅಂಗಿಯ ಚುಂಗು ಹಿಡಿದು ನಿಂತಿದ್ದ ಚಿಕ್ಕವಳು ಕೇಳಿದಳು:

"ಅಪ್ಪಾ, ಅಕ್ಕನ್ನ ಯಾವ ಓಣಿಗೆ ಹಾಕ್ತೀರಿ? ನಾನೂ ಹೋಗ್ಲಾ?"

ಮನೆಯಲ್ಲಿ ನಾವು ಕನ್ನಡದವರು, ನಮಗೆ ಓಣಿ ಎಂದರೆ ಬೀದಿ. ಮನೆ ಇರುವುದು ಓಣಿಯಲ್ಲಿ, ಮಕ್ಕಳು ಆಡುವುದು ಓಣಿಯಲ್ಲಿ. ಹಿಂದಿನ ದಿನದಿಂದ ಕೇಳುತ್ತಿದ್ದ ಮಾತನ್ನು ಚಿಕ್ಕವಳು ಹಾಗೆಯೇ ಅರ್ಥ ಮಾಡಿಕೊಂಡಿದ್ದಳು. ಶಾಲೆಗೆ ಹಾಕುವಂತೆ ಅಕ್ಕನನ್ನು ಬೇರೆ ಯಾವುದೋ ಬೀದಿಗೆ ಹಾಕುತ್ತಾರೆ ಎಂದು. ನನ್ನ ಅಕ್ಕ ನಕ್ಕಳು, ನಾನೂ ನಕ್ಕೆ. ದೊಡ್ಡವಳು ನಗಲಿಲ್ಲ. ಫ್ರಾಕಿನಮ್ಮನೂ ನಗಲಿಲ್ಲ.

"ಕೂಸು ತಪ್ಪೇನ್ ಅನ್ಲಿಲ್ಲ. ಓಣಿ ಹಾಕಿದ್ರ ಓಣಿ ಬದಲಾಗತೈತಿ. ನನಗ ಹಂಗ ಆತು" ಎಂದಳು.

ಅಷ್ಟು ವರ್ಷದಲ್ಲಿ ಆಕೆ ತನ್ನ ಬಗ್ಗೆ ಹೇಳಿದ್ದು ಅಂದೊಂದೇ ದಿನ. ದೇವನಕೊಂಡದ ಕಡೆಯ ಹಳ್ಳಿಯವಳು. ತಾಯಿ ಸತ್ತ ವರ್ಷವೇ ಮನೆಯವರು ಓಣಿ ಹಾಕಿದರಂತೆ, ಊಟ ಹಾಕಿದರಂತೆ. ಹಬ್ಬ ಕಳೆದ ಮೇಲೆ ಆದೋನಿಯ ಸಂಬಂಧಿಕರ ಮನೆಗೆ ಕಳಿಸಿದರಂತೆ, ಒಳ್ಳೆಯದಕ್ಕೇ. ತಂಗಿಯೊಬ್ಬಳಿದ್ದಳು, ಆಕೆ ಊರಲ್ಲೇ ಉಳಿದಳು. ಆಮೇಲೆ ಮದುವೆಗೋ ಸಾವಿಗೋ ಹೋದಾಗ ಮುಖ ನೋಡಿದ್ದಷ್ಟೇ, ಒಂದೇ ಚಾಪೆಯಲ್ಲಿ ಮಲಗಿದ್ದು ಮತ್ತೆ ಇಲ್ಲ. ಇಷ್ಟನ್ನೂ ಆಕೆ ಒಂದು ಅಂಗಿ ಮಡಚುತ್ತ ಹೇಳಿದಳು. ಅಳಲಿಲ್ಲ, ಅಕ್ಕನ ಮೇಲೆ ಸಿಟ್ಟೂ ಮಾಡಲಿಲ್ಲ. ಮಡಚಿ ಮುಗಿಸಿ ನನ್ನ ಕಡೆ ತಿರುಗಿದಳು.

"ತಂದಿ ನೀನು. ನೀ ಹೇಳಪ."

ಅಕ್ಕ ನೋಡುತ್ತಿದ್ದಳು. ದೊಡ್ಡವಳು ನೆಲ ನೋಡುತ್ತಿದ್ದಳು. ಅವಳ ಕೈ ತಂಗಿಯ ಕೈ ಹಿಡಿದಿತ್ತು, ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ. ನಾನು ಅಕ್ಕನ ಕಡೆ ತಿರುಗಿದೆ.

"ಬ್ಯಾಡಕ್ಕ. ಆಕಿ ನನ್ನ ಮನ್ಯಾಗ ಇರ್ತಾಳ" ಎಂದೆ.

ಅಕ್ಕ ಮೆಟ್ಟಿಲಿಳಿದು ಹೊರಟುಬಿಟ್ಟಳು. ಮನೆಗೆ ಬಂದು ನೋಡುವಷ್ಟರಲ್ಲಿ ಚೀಲ ಕಟ್ಟಿಕೊಂಡು ಬಸ್ಸಿಗೆ ಹೋಗಿಯಾಗಿತ್ತು. ಹಬ್ಬಕ್ಕೂ ನಿಲ್ಲಲಿಲ್ಲ. ಅಂದಿನಿಂದ ಅವಳ ಫೋನಿಲ್ಲ, ನಾನು ಮಾಡಿದರೆ ಭಾವ ಎತ್ತಿ ಎರಡು ಮಾತಾಡಿ ಇಡುತ್ತಾನೆ. ಒಡಹುಟ್ಟಿದವರು ಎಂದು ಇದ್ದದ್ದು ಅವಳೊಬ್ಬಳೇ. ಆಡಿದ ಮಾತಿಗೆ ನಾನು ಪಶ್ಚಾತ್ತಾಪಪಟ್ಟಿಲ್ಲ, ಆದರೆ ಹಬ್ಬ ಬಂದಾಗಲೆಲ್ಲ ಅವಳ ನೆನಪು ಕಾಡುತ್ತದೆ.

ಆ ದಿನ ದೊಡ್ಡವಳಿಗೆ ಆಕೆ ಕೊಟ್ಟದ್ದು ಅರಿಶಿನ ಬಣ್ಣದ ಕುರ್ತಾ, ಎರಡೂ ಕಡೆ ಜೇಬು. ಹುಡುಗಿ ಜೇಬಿನೊಳಗೆ ಕೈ ಹಾಕಿ ನೋಡಿದಳು, ಹಾಗೆಯೇ ಓಡಿದಳು. ಬೇವಿನ ಗಿಡ ಮುಟ್ಟಿ ಬರುವಾಗ ಹಲ್ಲು ಕಾಣುವಂತೆ ನಗುತ್ತಿದ್ದಳು. ತಾಯಿ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಹೋದ ವರ್ಷ ದಸರಾಕ್ಕೆ ಹೋದಾಗ ಅಂಗಡಿಯ ಜಾಗದಲ್ಲಿ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ಎದುರಿನ ಬಳೆ ಅಂಗಡಿಯವಳು ಹೇಳಿದಳು, ಶ್ರಾವಣದಲ್ಲೇ ಹೋಗಿಬಿಟ್ಟಳು, ಜ್ವರ ಬಂದದ್ದೊಂದು ನೆಪ. ತಂಗಿಯ ಮಕ್ಕಳು ಬಂದು ದೇವನಕೊಂಡದ ಕಡೆಗೆ ಒಯ್ದರಂತೆ, ಮಣ್ಣೂ ಅಲ್ಲೇ ಆಯಿತಂತೆ. ಆಕೆಯ ಮನೆ ಎಲ್ಲಿತ್ತು ಎಂದು ಕೂಡ ನನಗೆ ತಿಳಿದಿರಲಿಲ್ಲ. ವರ್ಷಕ್ಕೆ ನಾಲ್ಕಾರು ಸಲ ಕಾಣುತ್ತಿದ್ದ ನನಗೆ ಯಾರು ಹೇಳಿಕಳಿಸಬೇಕು, ಏನೆಂದು ಹೇಳಬೇಕು? ಗಿರಾಕಿ ಎಂದೇ? ಮಕ್ಕಳಿಬ್ಬರನ್ನೂ ಕರೆದುಕೊಂಡು ಹಾಗೆಯೇ ಮನೆಗೆ ಬಂದೆ. ಆ ಹಬ್ಬಕ್ಕೆ ಬಟ್ಟೆ ತರಲಿಲ್ಲ. ಅವರೂ ಕೇಳಲಿಲ್ಲ.

ಈ ವರ್ಷ ರಜೆ ಶುರುವಾದ ದಿನ ದೊಡ್ಡವಳು ನನ್ನ ಪಕ್ಕ ಬಂದು ಕುಳಿತಳು. ಈಗ ಹತ್ತನೆಯ ತರಗತಿ, ನನ್ನ ಕಿವಿಯ ಎತ್ತರಕ್ಕೆ ಬಂದಿದ್ದಾಳೆ. ಕೈಯಲ್ಲಿ ಫೋನು ತಿರುಗಿಸುತ್ತ, ಈ ಸಲ ನನಗ ಲಂಗ ಓಣಿ ತರೋಣಪ್ಪ ಎಂದಳು. ಯಾರೂ ಹೇಳಿದ್ದಲ್ಲ, ಗೆಳತಿಯರು ಹಾಕುತ್ತಾರೆಂದೂ ಅಲ್ಲ, ತನಗೇ ಆಸೆಯಾಗಿದೆ ಎಂದಳು. ತರೋಣ ಎಂದೆ. ಯಾರನ್ನಾದರೂ ಕೇಳಬೇಕೆನಿಸಿತು, ಕೇಳಲು ಯಾರಿದ್ದರು? ಮೂವರೂ ಬೇರೊಂದು ಅಂಗಡಿಗೆ ಹೋಗಿ ತಂದೆವು. ನೀಲಿ ಬಣ್ಣ ಅವಳೇ ಆರಿಸಿದಳು.

ಹಬ್ಬದ ಬೆಳಿಗ್ಗೆ ಅಕ್ಕ ತಂಗಿ ಕೋಣೆಯ ಬಾಗಿಲು ಹಾಕಿಕೊಂಡರು. ಓಣಿ ಉಡುವುದನ್ನು ಫೋನಿನಲ್ಲಿ ನೋಡಿ ಕಲಿಯುತ್ತಿದ್ದರು, ಒಳಗಿಂದ ನಗು, ಜಗಳ, ಮತ್ತೆ ನಗು. ನಾನು ಹೊರಗೆ ಒಬ್ಬನೇ ಕುಳಿತಿದ್ದೆ. ಬಾಗಿಲು ತೆಗೆದು ಬಂದವಳು ಎದುರಿಗೆ ನಿಂತು, ಹೆಗಲಿನ ನೆರಿಗೆ ಸರಿ ಮಾಡಿಕೊಳ್ಳುತ್ತ ಕೇಳಿದಳು.

"ಅಪ್ಪಾ, ಹೆಂಗೈತಿ? ನನಗ ಇನ್ನಾ ದೊಡ್ಡದಾಗತೈತಾ?"

ನಾನು ಕಣ್ಣೊರೆಸಿಕೊಂಡು ಚೆನ್ನಾಗಿ ನೋಡಿದೆ. ಹೆಂಡತಿ ಇದ್ದಿದ್ದರೆ ಅವಳು ಹೇಳುತ್ತಿದ್ದಳು. ಇಷ್ಟು ವರ್ಷ ಫ್ರಾಕಿನಮ್ಮ ಹೇಳುತ್ತಿದ್ದಳು, ನಾನು ಪಕ್ಕದಲ್ಲಿ ನಿಂತು ತಲೆಯಾಡಿಸಿದರೆ ಸಾಕಿತ್ತು. ಈಗ ಉತ್ತರ ಕೊಡಬೇಕಾದವನು ನಾನೊಬ್ಬನೇ.

"ಇಲ್ಲವ್ವ, ನಿನ್ನ ವಯಸ್ಸಿಗೆ ಸರಿಯಾಗೈತಿ" ಎಂದೆ.