ಕುಂಕುಮ ಇಡದ ಡಬ್ಬಿ

ವಸಂತನ ಮೇಲೆ ರಂಜಿತಳಿಗೆ ಇದ್ದದ್ದು ದ್ವೇಷವಲ್ಲ. ದ್ವೇಷವಾಗಿದ್ದರೆ ಒಂದು ದಿನ ಜಗಳವಾಡಿ ಮುಗಿಸಬಹುದಿತ್ತು. ಇದು ಅಪ್ಪಟ ಹೊಟ್ಟೆಕಿಚ್ಚು. ಬೆಳಿಗ್ಗೆ ಮೊಬೈಲ್ ನೋಡುವಾಗ ಹೊತ್ತಿಕೊಂಡರೆ ಮಲಗುವ ತನಕ ಆರುತ್ತಿರಲಿಲ್ಲ.

ಇಬ್ಬರೂ ಬೆಂಗಳೂರಿನ ಒಂದೇ ಲ್ಯಾಬಿನಲ್ಲಿ, ಅಕ್ಕಪಕ್ಕದ ಮೇಜಿನಲ್ಲಿ ಕೂತು ಕಲಿತವರು. ಕಲಿತ ವಿದ್ಯೆಯೂ ಒಂದೇ: ಸಿಲಿಕಾನಿನಲ್ಲಿ ರಾಗಿ ಕಾಳಿನಷ್ಟು ಸಣ್ಣ ಕಿವಿ ಮಾಡುವುದು. ಅದರೊಳಗೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪೊರೆ ಇರುತ್ತದೆ. ಸದ್ದು ತಾಗಿದರೆ ಪೊರೆ ಅದುರುತ್ತದೆ, ಅದುರಿದ್ದು ಕರೆಂಟಾಗಿ ಹೊರಗೆ ಬರುತ್ತದೆ. ಪವರ್‌ಲೂಮಿಗೆ ಅಂಟಿಸಿಬಿಟ್ಟರೆ, ಮಗ್ಗದ ಸದ್ದು ಕೆಡುತ್ತಿದ್ದ ಹಾಗೆ, ಏನೂ ಮುರಿಯುವ ಮೊದಲೇ, ಮೊಬೈಲಿಗೆ ಸುದ್ದಿ ಮುಟ್ಟಿಸುತ್ತದೆ. ಲ್ಯಾಬ್ ಬಿಟ್ಟ ಮೇಲೆ ಇಬ್ಬರೂ ಇದನ್ನೇ ನಂಬಿ ತಮ್ಮತಮ್ಮ ಕಂಪನಿ ತೆರೆದರು. ವಸಂತನದು ದೇವನಹಳ್ಳಿಯಲ್ಲಿ ಗಾಜಿನ ಬಾಗಿಲಿನ ಆಫೀಸು. ರಂಜಿತಳದು ನೆಲಮಂಗಲದಲ್ಲಿ ಮನೆ ಹಿಂದಿನ ಶೀಟಿನ ಕೋಣೆ.

ಅವಳು ಹತ್ತದ ಮೆಟ್ಟಿಲಿಲ್ಲ. ದುಡ್ಡು ಹಾಕುವವರು "ಆ್ಯಪ್ ಇದ್ರೆ ಹೇಳಮ್ಮ, ಬೇಗ ಬೆಳೆಯುತ್ತೆ. ಚಿಪ್ಪಿಗೆಲ್ಲ ಯಾರು ಕಾಯ್ತಾರೆ?" ಎನ್ನುತ್ತಿದ್ದರು. ಕಾಯಲು ಒಪ್ಪಿದವರು ಕೊಳ್ಳುವವರನ್ನು ತೋರಿಸು ಎನ್ನುತ್ತಿದ್ದರು. ಕೊಳ್ಳುವವರು ಸಾವಿರ ಕಿವಿ ತಂದಿಡು, ಆಮೇಲೆ ಮಾತಾಡೋಣ ಎನ್ನುತ್ತಿದ್ದರು. ಸಾವಿರ ಮಾಡಲು ದುಡ್ಡೆಲ್ಲಿ? ಹುಚ್ಚು ಬಿಟ್ಟ ಹೊರತು ಮದುವೆ ಆಗಲ್ಲ, ಮದುವೆ ಆದ ಹೊರತು ಹುಚ್ಚು ಬಿಡಲ್ಲ ಎನ್ನುವ ಕಥೆ ಇದು. ಹೊರದೇಶದ ಕಾರ್ಖಾನೆಯಲ್ಲಿ ಯಾರದೋ ಸಿಲಿಕಾನ್ ತಟ್ಟೆಯ ಮೂಲೆಯಲ್ಲಿ ಜಾಗ ಬೇಡಿ, ತಿಂಗಳುಗಟ್ಟಲೆ ಕಾದು ಚಿಪ್ ತರಿಸಿದಳು. ತಂದ ಮೇಲೆ ನೋಡಿದರೆ ಕಿವಿಗಿಂತ ಓಲೆಯೇ ದುಬಾರಿ, ಚಿಪ್ಪಿಗಿಂತ ಅದನ್ನು ಕೂರಿಸುವ ಡಬ್ಬಿಗೇ ಹೆಚ್ಚು ಖರ್ಚು. ಧೂಳು ಒಳಗೆ ಹೋಗಬಾರದು, ಸದ್ದು ಮಾತ್ರ ಹೋಗಬೇಕು. ಬೇರೆ ದಾರಿ ಕಾಣದೆ ಡಬ್ಬಿಯ ನಡುವೆ ಸೂಜಿಮೊನೆಯಷ್ಟು ತೂತು ಬಿಟ್ಟಳು. ವಸಂತ ಮಾಡಿದ್ದೂ ಅದನ್ನೇ. ಅವನ ಡಬ್ಬಿ ಮಿರಮಿರ ಮಿಂಚುತ್ತಿತ್ತು, ಅವಳದು ಸೋಪಿನ ಪೆಟ್ಟಿಗೆಯ ಹಾಗಿತ್ತು, ಅಷ್ಟೇ ವ್ಯತ್ಯಾಸ. ಪೇಪರಿನಲ್ಲಿ ಫೋಟೋ ಬಂದದ್ದು ಮಿಂಚುವ ಡಬ್ಬಿಯದು.

ಇದಕ್ಕಿಂತ ಉರಿಯುವ ಸಂಗತಿಯೆಂದರೆ ಅವನು ಒಳ್ಳೆಯವನು. ದಸರಾಕ್ಕೆ ಮುಂಚೆ ಅವನೇ ಫೋನ್ ಮಾಡಿದ.

"ಲೇ ರಂಜಿ, ಜ್ಯೋತಿಲಕ್ಷ್ಮಿ ಮೇಡಂ ಲೂಮ್ ಸೆನ್ಸರ್‌ಗೆ ದುಡ್ಡು ಹಾಕ್ತಾರಂತೆ. ನಂದೊಂದೇ ನೋಡ್ಬೇಡಿ, ರಂಜಿದೂ ನೋಡಿ ಅಂತ ಹೇಳ್ಬಿಟ್ಟಿದೀನಿ ಕಣೇ."

ಥ್ಯಾಂಕ್ಸ್ ಎಂದಳು. ಫೋನಿಟ್ಟ ಮೇಲೆ, ಭಿಕ್ಷೆ ಹಾಕ್ತಾನೆ ನೋಡು, ಎಂದು ಗೋಡೆಗೆ ಹೇಳಿದಳು. ಆದರೆ ಬಿಡುವ ಹಾಗಿರಲಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ದುಡ್ಡು, ಮತ್ತು ಇದು ಅವಳ ಕೊನೆಯ ಬಾಗಿಲು. ಇದೂ ಮುಚ್ಚಿದರೆ ಕಂಪನಿಗೆ ಬೀಗ ಹಾಕಿ ಸೋಂಪುರದ ಫ್ಯಾಕ್ಟರಿಯಲ್ಲಿ ಮಾಲು ತಪಾಸಣೆ ಮಾಡುವ ಕೆಲಸಕ್ಕೆ ಹೋಗಬೇಕು. ಅಪ್ಪ ಆಗಲೇ ಅಲ್ಲಿ ಮಾತಾಡಿ ಬಂದಿದ್ದರು.

ಪರೀಕ್ಷೆಗೆ ಗೊತ್ತಾದದ್ದು ದೊಡ್ಡಬಳ್ಳಾಪುರದ ಖಲೀಲ್ ಸಾಹೇಬರ ಶೆಡ್ಡು. ಒಂದು ಮಗ್ಗಕ್ಕೆ ವಸಂತನ ಡಬ್ಬಿ, ಪಕ್ಕದ ಮಗ್ಗಕ್ಕೆ ರಂಜಿತಳ ಡಬ್ಬಿ.

ಆಯುಧಪೂಜೆ ಬಂತು. ಖಲೀಲ್ ಸಾಹೇಬರು ಪ್ರತಿ ವರ್ಷದ ಹಾಗೆ ತಾವೇ ಬೂದುಗುಂಬಳಕಾಯಿ ಆರಿಸಿ ತಂದು, ಕಡ್ಲೆಪುರಿಯ ಮೂಟೆ ಇಳಿಸಿ, "ನೀವೂ ಬನ್ನಿಮ್ಮಾ" ಎಂದು ರಂಜಿತಳನ್ನು ಕರೆದಿದ್ದರು. ಬಸ್ಸಿನಲ್ಲಿ ಮೊಬೈಲ್ ತೆಗೆದಳು. ದೆಹಲಿಯ ಯಾವುದೋ ವೇದಿಕೆ ಮೇಲೆ ವಸಂತ, ಕೊರಳಲ್ಲಿ ಶಾಲು. ದೊಡ್ಡಬಳ್ಳಾಪುರ ಬರುವ ತನಕ ಆ ಶಾಲಿನ ಬಣ್ಣವನ್ನೇ ನೋಡುತ್ತಾ ಕೂತಿದ್ದಳು.

ಶೆಡ್ಡಿನಲ್ಲಿ ಮಗ್ಗಗಳು ಮೈ ತೊಳೆದುಕೊಂಡು ಸೇವಂತಿಗೆ ಮುಡಿದು ನಿಂತಿದ್ದವು. ನೂಲು ಸುತ್ತುವ ಮುನಿತಾಯಮ್ಮ ಗಂಧದಲ್ಲಿ ಕಲಸಿದ ಕುಂಕುಮದ ಬಟ್ಟಲು ಹಿಡಿದು ಮೋಟರು, ಸ್ವಿಚ್ಚು, ಕೊನೆಗೆ ಪೊರಕೆಯನ್ನೂ ಬಿಡದೆ ಬೊಟ್ಟಿಡುತ್ತಾ ಬಂದಳು. ರಂಜಿತಳ ಡಬ್ಬಿಯ ಹತ್ತಿರ ಅವಳ ಬೆರಳು ಸೀದಾ ನಡುವಿನ ತೂತಿಗೇ ಹೋಯಿತು. ಹಣೆಯ ಹಾಗೆ ಕಂಡ ಜಾಗದಲ್ಲಿ ಇನ್ನೆಲ್ಲಿಗೆ ಹೋಗಬೇಕು?

"ಅಯ್ಯೋ, ಅದಕ್ಕೆ ಬೇಡಮ್ಮ! ತೂತು ಮುಚ್ಕೊಂಡ್ರೆ ಕಿವುಡಾಗ್ಬಿಡುತ್ತೆ."

"ಹಂಗಾರೆ ಆ ಸಾರ್‌ದು?"

ಪಕ್ಕದ ಮಗ್ಗದ ಮೇಲೆ ವಸಂತನ ಡಬ್ಬಿ ಮಿಂಚುತ್ತಿತ್ತು. ಬೇಡ ಎನ್ನಲು ಎರಡೇ ಅಕ್ಷರ ಸಾಕಿತ್ತು. ಆದರೆ ಕಣ್ಣ ಮುಂದೆ ಆ ಶಾಲು ಬಂತು.

"ಅದು ಅವರದು. ನೀವು ಇಡಿ," ಎಂದಳು.

ಮುನಿತಾಯಮ್ಮ ಭಕ್ತಿಯಿಂದ ಒತ್ತಿ ಇಟ್ಟಳು. ರಂಜಿತ ಕಡ್ಲೆಪುರಿ ತಿನ್ನುತ್ತಾ ಮನೆಗೆ ಹೋದಳು. ಎಷ್ಟೋ ದಿನದ ಮೇಲೆ ಹೊಟ್ಟೆ ತಣ್ಣಗಿತ್ತು.

ಹಬ್ಬ ಕಳೆದು ಮಗ್ಗಗಳು ಮತ್ತೆ ಓಡತೊಡಗಿದ ದಿನವೇ ಜ್ಯೋತಿಲಕ್ಷ್ಮಿ ಬಂದರು, ವಸಂತನೂ ಬಂದ. ಖಲೀಲ್ ಸಾಹೇಬರು ಬೇಕೆಂದೇ ಎರಡೂ ಮಗ್ಗದ ಒಂದೊಂದು ಬೋಲ್ಟ್ ಸಡಿಲಿಸಿದರು. ರಂಜಿತಳ ಮೊಬೈಲ್ ತಕ್ಷಣ ಕೂಗಿತು. ವಸಂತನದು ಮೌನ. ಅವನ ಮುಖ ಸಪ್ಪೆಯಾದದ್ದನ್ನು ಅವಳು ಕಣ್ತುಂಬ ನೋಡಿದಳು.

ಜ್ಯೋತಿಲಕ್ಷ್ಮಿ ಸುಮ್ಮನೆ ಬಿಡುವ ಹೆಂಗಸಲ್ಲ. ವಸಂತನ ಡಬ್ಬಿ ಬಿಚ್ಚಿಸಿ, ಬೆಳಕಿಗೆ ಹಿಡಿದು, ಒಣಗಿದ ಕೆಂಪನ್ನು ಉಗುರಿನಿಂದ ಕೆರೆದರು.

"ಕುಂಕುಮ! ಸರಿ, ರಂಜಿತ, ಅದೇ ಶೆಡ್ಡು, ಅದೇ ಪೂಜೆ. ನಿಮ್ಮದು ಹೇಗೆ ಉಳೀತು? ತೂತಿಗೆ ಏನಾದ್ರೂ ಜಾಲರಿ ಹಾಕಿದೀರಾ?"

ಅವರ ಕಣ್ಣಲ್ಲಿ ಆಸೆಯಿತ್ತು. ಹೂಂ ಎನ್ನಲೋ ಬೇಡವೋ ಎಂದು ರಂಜಿತ ಲೆಕ್ಕ ಹಾಕುತ್ತಿದ್ದಳು. ಅಷ್ಟರಲ್ಲಿ ಉಪಕಾರ ಮಾಡುವ ಹುರುಪಿನಲ್ಲಿ ಮುನಿತಾಯಮ್ಮನೇ ಮುಂದೆ ಬಂದಳು.

"ಆಯಮ್ಮನೇ ಬ್ಯಾಡ ಅಂದ್ರಲ್ಲ ಮೇಡಂ, ಮುಚ್ಕೊಂಡ್ರೆ ಕಿವುಡಾಗುತ್ತೆ ಅಂತ. ಈ ಸಾರ್‌ದು ಹೆಂಗೆ ಅಂತ ಕೇಳ್ದೆ. ಅದಕ್ಕೆ ಇಡಿ ಅಂದ್ರು."

ಜ್ಯೋತಿಲಕ್ಷ್ಮಿ ಡಬ್ಬಿಯನ್ನು ವಸಂತನ ಕೈಗಿಟ್ಟರು. ಮಗ್ಗಗಳು ಬಡಿದುಕೊಳ್ಳುತ್ತಲೇ ಇದ್ದವು.

"ಈ ಊರಲ್ಲಿ ಎಷ್ಟು ಶೆಡ್ಡಿದೆ ಗೊತ್ತಾ?" ರಂಜಿತಳನ್ನು ಮೆಲ್ಲಗೆ ಕೇಳಿದರು. "ವರ್ಷ ವರ್ಷ ಎಲ್ಲಾ ಕಡೆ ಬಾಗಿಲಲ್ಲಿ ನಿಂತು ಬೇಡ ಅಂತೀರಾ? ಡಬ್ಬಿ ಕೆಡುತ್ತೆ ಅಂತ ನಿಮಗೆ ಗೊತ್ತಿತ್ತು. ಸರಿ ಮಾಡೋದು ಬಿಟ್ಟು ಬಚ್ಚಿಟ್ರಿ." ಆಮೇಲೆ ವಸಂತನ ಕಡೆ ತಿರುಗಿದರು. "ಕುಂಕುಮ ತಡೆಯೋ ಡಬ್ಬಿ ಮಾಡ್ಕೊಂಡು ಬನ್ನಿ. ದುಡ್ಡು ನಾವು ಹಾಕ್ತೀವಿ."

ಬೈದಿದ್ದರೆ ರಂಜಿತಳಿಗೆ ಹಗುರವಾಗುತ್ತಿತ್ತು. ವಸಂತ ಬೈಯಲಿಲ್ಲ. ಡಬ್ಬಿಯನ್ನು ಕರ್ಚೀಫಿನಲ್ಲಿ ಸುತ್ತಿ ಚೀಲಕ್ಕಿಟ್ಟು, ಕಾರಿನ ಕೀ ತೆಗೆದ.

"ಬರ್ತೀನಿ ರಂಜಿತ ಅವರೇ," ಎಂದ.

ಆ 'ಅವರೇ'ಯನ್ನು ಕೇಳಿಸಿಕೊಂಡು ಅವಳು ನಿಂತೇ ಇದ್ದಳು. ಕಾರಿನ ಸದ್ದು ದೂರವಾದ ಮೇಲೂ ನಿಂತಿದ್ದಳು. ಮುನಿತಾಯಮ್ಮ ಗೂಡಿನಿಂದ ಕುಂಕುಮದ ಬಟ್ಟಲು ಇಳಿಸಿ, ಎರಡು ಹನಿ ನೀರು ಹಾಕಿ ಕಲಸುತ್ತಾ ಹತ್ತಿರ ಬಂದಳು.

"ಪರೀಕ್ಷೆ ಮುಗೀತಲ್ಲ ತಾಯಿ. ಪಾಪ, ಇದೊಂದೇ ಬೋಳು ಹಣೇಲಿ ಕೂತೈತೆ. ಈಗಲಾದ್ರೂ ಒಂದು ಬೊಟ್ಟು ಇಡ್ಲಾ?"

ರಂಜಿತ ಪಕ್ಕಕ್ಕೆ ಸರಿದು ನಿಂತಳು. ಮುನಿತಾಯಮ್ಮನ ಬೆರಳು ತೂತಿನ ಮೇಲೆ ಕೂತಿತು. ರಂಜಿತಳ ಮೊಬೈಲಿನಲ್ಲಿ ಕುಣಿಯುತ್ತಿದ್ದ ಮಗ್ಗದ ಸದ್ದಿನ ಗೆರೆ ಒಮ್ಮೆ ಮೇಲೆದ್ದು, ನೆಲಕ್ಕೆ ಮಲಗಿತು.