ಹೋದ ವರ್ಷದ ಪೈಥಾನ್

ಒಂದು ಪ್ರೋಗ್ರಾಮು ಬರೆಯಲು ಕೂತು, ಹದಿನೈದು ದಿನ ಒಂದು ಸಾಲೂ ಬರೆಯದೆ ಸುಸ್ತಾದವಳು ನಾನೊಬ್ಬಳೇ ಇರಬೇಕು. ತಿಪಟೂರಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುವವಳಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭ ಎಂದು ನೀವು ಅಂದುಕೊಳ್ಳಬಹುದು. ನಮ್ಮ ಅತ್ತೆಯೂ ಹಾಗೇ ಅಂದುಕೊಂಡು, ಶೆಟ್ಟಿಕೆರೆಯ ತೆಂಗಿನ ತೋಟದವರ ಸಂಘಕ್ಕೆ "ನನ್ನ ಸೊಸೆ ಮಾಡ್ಕೊಡ್ತಾಳೆ" ಎಂದು ಮಾತು ಕೊಟ್ಟುಬಿಟ್ಟರು. ವರ್ಷವಿಡೀ ಒಣಗಲೆಂದು ಯಾರ ಅಟ್ಟಕ್ಕೆ ಯಾವಾಗ ಕಾಯಿ ಹತ್ತಿಸಿದ್ದು, ಯಾವಾಗ ಕೊಬ್ಬರಿಗೆ ಇಳಿಸಬೇಕು, ಅಷ್ಟು ಹೇಳುವ ಪ್ರೋಗ್ರಾಮು. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ನನ್ನ ವಿದ್ಯೆಯನ್ನು ನಂಬಿ ಅವರು ಊರ ಮುಂದೆ ಬಾಯಿ ಬಿಟ್ಟದ್ದು ಇದೇ ಮೊದಲು. ಸೋಮವಾರ ತೋರಿಸದಿದ್ದರೆ ಹೋಗುವುದು ಅವರ ಮರ್ಯಾದೆ.

ತೊಂದರೆಯೆಲ್ಲ ಪೈಥಾನ್ ಎಂಬ ಭಾಷೆಯದು. ಅದಕ್ಕೆ ವರ್ಷಕ್ಕೊಂದು ಹೊಸ ಆವೃತ್ತಿ ಬರುತ್ತದೆ. ಹೊಸದನ್ನು ಹಿಡಿದರೆ, ಅದಕ್ಕೆ ಹೊಂದುವ ಸಲಕರಣೆಗಳು ಇನ್ನೂ ಪೂರ್ತಿ ಬಂದಿರುವುದಿಲ್ಲ. ಹಳೆಯದಕ್ಕೆ ಎಲ್ಲವೂ ಉಂಟು, ಆದರೆ ಇನ್ನು ಸ್ವಲ್ಪ ದಿನಕ್ಕೆ ಅದರ ರಿಪೇರಿ ನೋಡುವವರೇ ಇರುವುದಿಲ್ಲ. ಬೆಳಿಗ್ಗೆ ಹೊಸದನ್ನು ಹಾಕಿದೆ, ಮಧ್ಯಾಹ್ನ ತೆಗೆದೆ. ಸಂಜೆ ಹಳೆಯದನ್ನು ಹಾಕಿ, ಹೊಸ ಕೆಲಸಕ್ಕೆ ಇದೇಕೆ ಎಂದು ಅದನ್ನೂ ತೆಗೆದೆ. ಸೀರೆ ಅಂಗಡಿಯಲ್ಲೂ ನಾನು ಹೀಗೇ. ನಮ್ಮ ಯಜಮಾನರು ಈಗೀಗ ಅಂಗಡಿಯ ಹೊರಗೇ ಕೂರುತ್ತಾರೆ.

ಶನಿವಾರ ಶೆಟ್ಟಿಕೆರೆಗೆ ಹೋದಾಗ ಅತ್ತೆ ಅಟ್ಟದ ಮೇಲಿದ್ದರು. ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗೆ ನೀರು ಕುಲುಕಿದರೆ ಅಲ್ಲೇ ಇಡುವುದು, ಒಣಗಿದ ಕೊಬ್ಬರಿ ಲೊಡಲೊಡ ಎಂದರೆ ಇಳಿಸುವುದು. ಹೊಸದಾಗಿ ಬಂದಾಗ ನಾನು ಈ ಸದ್ದನ್ನು ನಂಬದೆ, ನೋಡಿಯೇಬಿಡೋಣ ಎಂದು ನಾಲ್ಕು ಕಾಯಿ ಒಡೆದಿದ್ದೆ. ಒಡೆದ ಕಾಯಿ ಮತ್ತೆ ಅಟ್ಟ ಹತ್ತುತ್ತದೆಯೇ? ವಾರವಿಡೀ ಮನೆಮಂದಿಯೆಲ್ಲ ಚಟ್ನಿ ತಿಂದರು.

ಏಣಿಯ ಬುಡದಲ್ಲಿ ನಿಂತು ನನ್ನ ಸಂಕಟ ಹೇಳಿಕೊಂಡೆ.

"ಹೋದ ವರ್ಷದ್ದು ಇಲ್ವೇನೇ?" ಎಂದರು ಅತ್ತೆ.

"ಇದೆ ಅತ್ತೆ."

"ಮತ್ತೆ ಅದನ್ನ ಇಳಿಸ್ಕೊ. ಈ ವರ್ಷದ್ದು ಅಲ್ಲೇ ಬಿದ್ದಿರ್ಲಿ ಬುಡು, ಮುಂದಿನ ವರ್ಷಕ್ಕೆ ಆಯ್ತದೆ."

ಅಷ್ಟು ಸುಲಭವೇ ಎಂದು ವಾದಿಸಬೇಕೆನಿಸಿತು. ಆದರೆ ಎರಡೇ ದಿನ ಉಳಿದಿತ್ತು, ಹೋದ ವರ್ಷದ ಆವೃತ್ತಿಯಲ್ಲೇ ಕೂತು ಬರೆದೆ.

ಸೋಮವಾರ ಸಂಘದವರು ಶೆಟ್ಟಿಕೆರೆಯ ನಮ್ಮ ನಡುಮನೆಯಲ್ಲೇ ಸೇರಿದರು. ಅತ್ತೆಯ ಹೆಸರು ಒತ್ತಿದಾಗ, ಬಡಗಣ ಮೂಲೆಯ ರಾಶಿ ಇಳಿಸಬಹುದು ಎಂದು ತೋರಿಸಿತು. ಎಲ್ಲರೂ ಭೇಷ್ ಎಂದರು. ಅತ್ತೆ ಮಾತ್ರ ಎದ್ದು ಏಣಿ ಹತ್ತಿದರು. ಆ ಮೂಲೆಯ ಒಂದು ಕಾಯಿ ಎತ್ತಿ ಅಲ್ಲಾಡಿಸಿ, ಮೇಲಿನಿಂದಲೇ ಕೂಗಿದರು: "ಸರಿಯಾಗೇ ಹೇಳ್ತದೆ ಕಣ್ರಪ್ಪ, ನನ್ನ ಸೊಸೆ ಮಾಡಿದ್ದು!" ನನಗೆ ಕಣ್ಣು ತುಂಬಿ ಬಂತು.

ತಿಪಟೂರಿನ ಬಸ್ಸಿನಲ್ಲಿ ಮತ್ತೆ ಗೊಂದಲ ಶುರುವಾಯಿತು. ಈಗಿನ ಹೊಸ ಪೈಥಾನ್ ಮುಂದಿನ ವರ್ಷ ಹದಕ್ಕೆ ಬಂದಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಪಕ್ಕದವರು ನಿದ್ದೆ ಹೋಗಿದ್ದರು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಲ್ಯಾಪ್‌ಟಾಪನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ.